ಬಾಕಿ ಉಳಿದ ಮಗು

ಮೊದಲ ಸಂದೇಶ ಬಂದಾಗ ಗುಬ್ಬಿ ಅಂಗಡಿಯಲ್ಲಿ ಒಬ್ಬ ಮುದುಕರ ಕನ್ನಡಕದ ಕಡ್ಡಿಗೆ ತಿರುಪು ಕೂರಿಸುತ್ತಿದ್ದಳು. ಸಾಸಿವೆಗಿಂತ ಸಣ್ಣ ತಿರುಪು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಪಕ್ಕದಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಓರೆಗಣ್ಣಿನಲ್ಲಿ ನೋಡಿದಳು. ‘ಅಭಿನಂದನೆಗಳು. ನಿಮ್ಮ ಮಗುವಿಗೆ ಆರು ವಾರ ತುಂಬಿದೆ. ಮೊದಲ ಸುತ್ತಿನ ಲಸಿಕೆ ಬಾಕಿ ಇದೆ. ಮಗುವನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ.’

ತಿರುಪು ಚಿಮುಟದಿಂದ ಜಾರಿ ನೆಲಕ್ಕೆ ಬಿತ್ತು. ಮುದುಕರು ತಾವೇ ಬಗ್ಗಿ, ಕಣ್ಣು ಕಾಣದೆ, ನೆಲ ತಡಕಿದರು. “ಹೋಗ್ಲಿ ಬಿಡಮ್ಮ, ಬೇರೆ ಇರುತ್ತಲ್ಲ” ಎಂದರು. ಅವಳು ಬೇರೆ ತಿರುಪು ಹಾಕಿ ಕನ್ನಡಕ ಒರೆಸಿ ಕೊಟ್ಟಳು. ಅವರು ಹೋದ ಮೇಲೆ, ಗಾಜು ಉಜ್ಜುವ ಯಂತ್ರದ ಹಿಂದಿನ ಮೂಲೆಗೆ ಹೋಗಿ ನಿಂತಾಗಲೇ ಅವಳಿಗೆ ಗೊತ್ತಾದದ್ದು: ಬತ್ತಿಹೋಯಿತೆಂದು ತಿಳಿದಿದ್ದ ಹಾಲು ಎದೆಯ ಮೇಲಿನ ಬಟ್ಟೆಯನ್ನು ನೆನೆಸಿತ್ತು.

ಅವಳ ಮಗಳು ಹುಟ್ಟುವಾಗಲೇ ಉಸಿರಿರಲಿಲ್ಲ.

ಗುಬ್ಬಿ ಎನ್ನುವುದು ತವರಿನವರು ಇಟ್ಟ ಅಡ್ಡಹೆಸರು. ಆಳು ಗಿಡ್ಡ, ಮೂಳೆ ಸಣ್ಣದು, ನಡೆದರೆ ಕುಪ್ಪಳಿಸಿದಂತೆ ಕಾಣುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲೂ ಅದೇ ಹೆಸರು ಅಂಟಿಕೊಂಡಿತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಎತ್ತರದ ಕಟ್ಟಡಗಳ ಕತ್ತಲ ಬಾವಿಗಳಲ್ಲಿ ತೂಗಾಡಿ, ಗ್ರೀಸು ಬಳಿದುಕೊಂಡು ಮನೆಗೆ ಬರುತ್ತಿದ್ದ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತೆ ಆಡುತ್ತಿದ್ದರು. ಅತ್ತೆಯ ಬಾಯಿಗೆ ಬಾಗಿಲಿಲ್ಲ ಎಂದು ಬೀದಿಯವರು ನಗುತ್ತಿದ್ದರೂ ಕಷ್ಟ ಬಂದಾಗ ಮೊದಲು ತಟ್ಟುತ್ತಿದ್ದದ್ದು ಆ ಮನೆಯ ಬಾಗಿಲನ್ನೇ.

ಆ ವರ್ಷವೇ ದೇಶದ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಯೋಜನೆ ಬಂದಿತ್ತು. ಚೀಟಿ, ಕಡತ, ಹಳದಿ ಕಾರ್ಡು ಯಾವುದೂ ಇನ್ನು ಬೇಡ. ಆಸ್ಪತ್ರೆಯ ಗೋಡೆಗೆ ದೊಡ್ಡ ಚಿತ್ರ ಅಂಟಿಸಿದ್ದರು, ನಗುವ ಮಗು, ಅದರ ಕೆಳಗೆ ‘ಒಂದು ಜೀವ, ಒಂದು ಸಂಖ್ಯೆ’. ಯಾವ ಕೂಸೂ ಕಣ್ತಪ್ಪಬಾರದೆಂದು, ತಾಯಿ ಹೆರಿಗೆ ಕೋಣೆಯ ಹೊಸ್ತಿಲು ದಾಟುವ ಮೊದಲೇ ಹುಟ್ಟಲಿರುವ ಮಗುವಿಗೆ ಸಂಖ್ಯೆ ಕೊಡುತ್ತಿದ್ದರು. ಗುಬ್ಬಿಗೆ ಅದು ಇಷ್ಟವಾಗಿತ್ತು. ಮುಂಗೈಗೆ ಕಟ್ಟಿದ ಕಾಗದದ ಪಟ್ಟಿಯನ್ನು ಗಂಡನಿಗೆ ತೋರಿಸಿ, “ನೋಡ್ರೀ, ನಾವಿನ್ನೂ ಹೆಸರೇ ಹುಡುಕ್ತಾ ಇದೀವಿ, ಇವ್ರು ಆಗ್ಲೇ ಕೂಸನ್ನ ಗುರುತು ಹಿಡಿದ್ಬಿಟ್ರು” ಎಂದು ನಕ್ಕಿದ್ದಳು.

ಆಮೇಲೆ ಆದದ್ದು ಅವಳಿಗೆ ಸರಿಯಾಗಿ ನೆನಪಿಲ್ಲ. ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಹೊಟ್ಟೆ ಖಾಲಿ, ಪಕ್ಕದ ತೊಟ್ಟಿಲೂ ಖಾಲಿ. “ನನಗೆ ತೋರ್ಸಿ” ಎಂದಳು. ಅತ್ತೆ ಹಣೆ ಸವರುತ್ತ, “ಬೇಡ ಮಗಳೇ. ನೋಡಿದ್ರೆ ಮರೆಯೋಕಾಗಲ್ಲ” ಎಂದರು. ಆ ಹೊತ್ತಿಗೆ ಗಂಡ ಮಣ್ಣು ಮಾಡಿ ಬಂದಾಗಿತ್ತು. ಹೆರಿಗೆಯ ಡಾಕ್ಟರು ಪರದೆಯ ಮೇಲೆ ‘ಹೆಣ್ಣು’ ಎಂದು ಒತ್ತಿದ್ದರು. ಮಗು ಬದುಕಿದೆಯೇ ಎಂದು ಕೇಳುವ ಮುಂದಿನ ಪುಟ ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಆಮೇಲೆ ಯಾರೋ ಆ ದಾಖಲೆಯನ್ನು ಮುಚ್ಚಬೇಕಿತ್ತು. ಯಾರೋ ಮುಚ್ಚುತ್ತಾರೆ ಎಂದು ಎಲ್ಲರೂ ಅಂದುಕೊಂಡರು.

ಸಂದೇಶದ ವಿಷಯ ಕೇಳಿ ಗಂಡನ ಮುಖ ಕಪ್ಪಿಟ್ಟಿತು. ಮರುದಿನ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಯ ಸಹಾಯ ಕಿಟಕಿಗೆ ಹೋದ. ಕಿಟಕಿಯ ಹುಡುಗಿ ಒಳ್ಳೆಯವಳೇ. “ಅಯ್ಯೋ ಸರ್, ನಮಗೆ ಸೇರಿಸೋಕಷ್ಟೇ ಬರೋದು, ತೆಗೆಯೋಕೆ ಬರಲ್ಲ. ತೆಗೆಯೋದು ಮೇಲಿನೋರು. ದೂರು ಹಾಕಿರ್ತೀನಿ” ಎಂದಳು. ದೂರು ಸ್ವೀಕರಿಸಿದ್ದೇವೆ ಎಂಬ ಸಂದೇಶವೂ ಬಂತು. ಅತ್ತೆ ಕೇಳಿ, “ಸತ್ತೋರನ್ನ ಸತ್ತೋರು ಅನ್ನೋಕೂ ಮೇಲಿಂದ ಅಪ್ಪಣೆ ಬೇಕಾ? ಇದೊಳ್ಳೆ ಕಥೆ” ಎಂದು ಸೊಸೆಗೆ ಕಾಣದಂತೆ ಕಣ್ಣೊರೆಸಿಕೊಂಡರು. ಅಲ್ಲಿಗೆ ಮುಗಿಯಿತೆಂದು ತಾಯಿ ಮಗ ಇಬ್ಬರೂ ಭಾವಿಸಿದರು.

ಮುಗಿಯಲಿಲ್ಲ. ವಾರಕ್ಕೊಂದು ಬರುತ್ತಿತ್ತು. ‘ನಿಮ್ಮ ಮಗು ಈಗ ನಿಮ್ಮ ದನಿ ಗುರುತಿಸುತ್ತದೆ.’ ‘ಮಗು ಈಗ ನಗಲು ಕಲಿಯುತ್ತದೆ. ನೀವೂ ನಕ್ಕು ತೋರಿಸಿ.’ ‘ಕತ್ತು ನಿಲ್ಲುವ ಕಾಲ, ಮಂಚದಂಚಿನಲ್ಲಿ ಮಲಗಿಸಬೇಡಿ.’ ಗುಬ್ಬಿ ಯಾರಿಗೂ ಹೇಳಲಿಲ್ಲ. ಮೊದಮೊದಲು ಅಳಿಸಿಹಾಕುತ್ತಿದ್ದಳು. ಬರಬರುತ್ತ ಅವುಗಳಿಗಾಗಿ ಕಾಯತೊಡಗಿದಳು. ಮಂಚದಲ್ಲಿ ಗೋಡೆಯ ಕಡೆ ಒಂದು ಮೊಳ ಜಾಗ ಬಿಟ್ಟು ಮಲಗುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿನ ಹಾಸು ಒಂದಿಷ್ಟು ತಗ್ಗಾದಂತೆ ಕಾಣುತ್ತಿತ್ತು. ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡಳು. ಆ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿಯೊಬ್ಬಳು, “ನಿಮಗೆ ಮಕ್ಕಳೆಷ್ಟಮ್ಮ?” ಎಂದಾಗ, “ಒಬ್ಳು. ಈಗ ನಗೋಕೆ ಶುರು ಮಾಡಿದಾಳೆ” ಎಂಬ ಮಾತು ಅವಳ ಬಾಯಿಂದ ಜಾರಿತು. ಹೇಳಿದ ಮೇಲೆ ಹೆದರಿದಳು. ಸುಳ್ಳು ಹೇಳಿದೆ ಎಂಬ ಭಯಕ್ಕಿಂತ, ಹೇಳುವಾಗ ಅದು ಸುಳ್ಳೆನಿಸಲಿಲ್ಲವಲ್ಲ ಎಂಬ ಭಯ.

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಳ ತೆಗೆಯುತ್ತಿದ್ದ ಹೊತ್ತಿಗೆ, ಫೋನು ಬೇರೆಯದೇ ಮಾತು ಹೇಳಿತು. ‘ತಡವಾಗಿದ್ದ ಲಸಿಕೆಯನ್ನು ನಿಮ್ಮ ಮಗುವಿಗೆ ಇಂದು ಹಾಕಲಾಗಿದೆ. ತೂಕ ಐದು ಕಿಲೋ ಇನ್ನೂರು ಗ್ರಾಂ. ಮಗು ಆರೋಗ್ಯವಾಗಿದೆ. ಮುಂದಿನ ಸುತ್ತು ಬರುವ ತಿಂಗಳ ಎರಡನೇ ಬುಧವಾರ.’

ಲಸಿಕೆ ಬಾಕಿ ಎನ್ನುವುದು ಯಂತ್ರದ ತಪ್ಪು, ಒಪ್ಪೋಣ. ಆದರೆ ತೂಕ? ತೂಗಲು ತಕ್ಕಡಿಯ ಮೇಲೆ ಏನಾದರೂ ಇರಬೇಕಲ್ಲ. ಯಾರೋ ತನ್ನ ಮಗಳನ್ನು ಎತ್ತಿ ತಕ್ಕಡಿಗೆ ಹಾಕಿದ್ದಾರೆ, ಸೂಜಿ ಚುಚ್ಚಿದ್ದಾರೆ, ಅವಳು ಅತ್ತಿದ್ದಾಳೆ. ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿಟ್ಟಳು. ಆಮೇಲೆ ಆ ಯೋಚನೆ ಬಂತು. ಒಮ್ಮೆ ಬಂದದ್ದು ಹೋಗಲಿಲ್ಲ. ನಾನು ನೋಡಲಿಲ್ಲ. ನನಗೆ ತೋರಿಸಲಿಲ್ಲ. ಸತ್ತಿತು ಎಂದು ಅವರು ಹೇಳಿದರು, ಅಷ್ಟೇ.

ಆ ಸಂಜೆ ಗಂಡ ಸೋಪು ಹಚ್ಚಿ ಕೈಯ ಗ್ರೀಸು ತೊಳೆಯುತ್ತಿದ್ದ. ಅವಳು ಹೋಗಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು.

“ರೀ, ನಿಜ ಹೇಳಿ. ಅವಳು ಸತ್ತಿದ್ಲಾ?”

ಅವನು ತಿರುಗಿದ. “ಏನ್ ಮಾತು ಅಂತ ಆಡ್ತಿದೀಯ?”

“ನೀವು ಕಣ್ಣಾರೆ ನೋಡಿದ್ರಾ? ಇಲ್ಲಾ, ಸುತ್ತಿ ಕೊಟ್ಟಿದ್ದನ್ನ ಹಾಗೇ ತಗೊಂಡು ಹೋದ್ರಾ?”

ಅವನು ನಲ್ಲಿ ನಿಲ್ಲಿಸಿದ. ಸೋಪಿನ ನೊರೆ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಬೈಯುತ್ತಾನೆ ಎಂದುಕೊಂಡಳು. ಅವನು ಬಚ್ಚಲಿನ ಕಟ್ಟೆಯ ಮೇಲೆ ಕುಸಿದು ಕೂತ.

“ಬಟ್ಟೆ ಬಿಚ್ಚಿ ನೋಡ್ದೆ ಗುಬ್ಬಿ. ಎಲ್ರೂ ಬೇಡ ಅಂದ್ರೂ ನೋಡ್ದೆ. ತಲೆ ತುಂಬ ಕೂದ್ಲು ಇತ್ತು, ಒದ್ದೆ ಕೂದ್ಲು. ಕಿವಿ ನಿಂದೇ, ಆ ಮಡಚಿದ ಅಂಚು. ಹುಬ್ಬು ಗಂಟು ಹಾಕಿತ್ತು, ಯಾರೋ ನಿದ್ದೆಯಿಂದ ಎಬ್ಬಿಸಿದ್ರು ಅನ್ನೋ ಥರ. ಎದೆಗೆ ಒತ್ಕೊಂಡು ನಿಂತೆ, ಶಾಖ ತಾಗಿದ್ರೆ ಉಸಿರಾಡುತ್ತೇನೋ ಅಂತ. ಆಮೇಲೆ ನನ್ನ ಅಂಗೀಲೇ ಸುತ್ತಿದೆ.”

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಇಬ್ಬರೂ ಬಚ್ಚಲಿನಲ್ಲೇ ಅತ್ತರು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದರು.

ಅವನ ಮಾತನ್ನು ಗುಬ್ಬಿ ನಂಬಿದಳು. ಆದರೆ ಫೋನನ್ನೂ ನಂಬಿದಳು. ಹೇಗೆಂದರೆ ಹೇಳಲು ಬಾರದು. ಈಗ ಮಗಳಿಗೆ ಕೂದಲು, ಕಿವಿ, ಗಂಟು ಹಾಕಿದ ಹುಬ್ಬು ಬಂದಿದ್ದವು. ತೂಕವಂತೂ ಮೊದಲೇ ಇತ್ತು. ಎರಡನೇ ಬುಧವಾರ ಅಂಗಡಿಯವರಿಗೆ ತಲೆನೋವೆಂದು ಹೇಳಿ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು.

ಕೇಂದ್ರದ ಮೊಗಸಾಲೆಯಲ್ಲಿ ಫಿನಾಯಿಲ್ ವಾಸನೆ, ಉದ್ದ ಬೆಂಚುಗಳು, ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡ ತಾಯಂದಿರು. ಖಾಲಿ ಮಡಿಲಿನವಳು ಇವಳೊಬ್ಬಳೇ. ಯಾರೋ, “ಕೂಸು ಎಲ್ಲಮ್ಮ?” ಎಂದರು. “ಬರ್ತಿದೆ” ಎಂದಳು. ಈಗ ಹೆಸರು ಕೂಗುವ ಪದ್ಧತಿ ಇರಲಿಲ್ಲ. ಗೋಡೆಯ ಮೇಲಿನ ಫಲಕದಲ್ಲಿ ಕೆಂಪಗೆ ಸಂಖ್ಯೆ ಹೊಳೆಯುತ್ತಿತ್ತು. ಒಂದು ಸಂಖ್ಯೆ ಹೊಳೆದರೆ ಒಬ್ಬ ತಾಯಿ ಏಳುತ್ತಿದ್ದಳು. ಮುಂಗೈಗೆ ಕಟ್ಟಿದ್ದ ಆ ಕಾಗದದ ಪಟ್ಟಿಯ ಸಂಖ್ಯೆ ಗುಬ್ಬಿಗೆ ಬಾಯಿಪಾಠವಾಗಿತ್ತು. ಅದು ಫಲಕದ ಮೇಲೆ ಬಂದಾಗ ಅವಳೇ ಅರ್ಧ ಎದ್ದಳು.

ಅವಳ ಮುಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದಳು. ಎಳೆ ಹರೆಯದ ಹೆಣ್ಣು, ಕಾಲಿಗೆ ಅಳತೆ ಮೀರಿದ ರಬ್ಬರ್ ಬೂಟು, ಬೂಟಿನ ತುಂಬ ಬೂದು ಬಣ್ಣದ ಒಣ ಕೆಸರು. ಊರ ಕೆಳಗೆ ರೈಲಿನ ಸುರಂಗ ಕೊರೆಯಲು ಬಂದವರ ತಗಡಿನ ಶೆಡ್ಡಿನವಳೆಂದು ನೋಡಿದರೇ ತಿಳಿಯುತ್ತಿತ್ತು. ಹೆಗಲ ಮೇಲೆ ಒಂದು ಕೂಸು. ಅದರ ತಲೆ ತುಂಬ ಕೂದಲು.

ಗುಬ್ಬಿಯ ಕಾಲು ತಾನಾಗಿ ಹಿಂಬಾಲಿಸಿತು. ಲಸಿಕೆ ಕೋಣೆಯ ಬಾಗಿಲಲ್ಲಿ ಆ ಹೆಣ್ಣು ಬೂಟು ಬಿಚ್ಚಲು ತಿಣುಕಾಡಿ, ಪಕ್ಕದಲ್ಲಿ ನಿಂತಿದ್ದ ಇವಳಿಗೆ ಸಲೀಸಾಗಿ, “ಒಂದ್ ನಿಮಿಷ ಹಿಡ್ಕೋ ಅಕ್ಕ” ಎಂದು ಕೂಸನ್ನು ಕೊಟ್ಟುಬಿಟ್ಟಳು.

ಕೈ ಜಗ್ಗುವಷ್ಟು ಭಾರ. ಕತ್ತಿನ ಮಡಿಕೆಯಲ್ಲಿ ಹುಳಿ ಹಾಲಿನ ವಾಸನೆ. ಕೂಸು ಅವಳ ಮುಖ ದಿಟ್ಟಿಸಿ ನೋಡಿ, ಹಲ್ಲಿಲ್ಲದ ಬಾಯಿ ಅಗಲಿಸಿತು. ಗುಬ್ಬಿ ಕಿವಿಯನ್ನು ನೋಡಿದಳು. ಅಂಚು ಮಡಚಿತ್ತೋ ಇಲ್ಲವೋ, ಕಣ್ಣು ಮಂಜಾಗಿ ಕಾಣಲಿಲ್ಲ. ಬಂದಳು ಎಂದುಕೊಂಡಳು. ಅದೇ ಹೊತ್ತಿಗೆ ಕೂಸು ಬೆಚ್ಚಗೆ ಅವಳ ಮೈಮೇಲೆ ಉಚ್ಚೆ ಹೊಯ್ದಿತು. ಅಡಿಬಟ್ಟೆ ಸರಿಸಿ ನೋಡಿದರೆ ಗಂಡುಮಗು.

“ಅಯ್ಯಯ್ಯೋ, ನೆನೆಸ್ಬಿಟ್ನಾ ಪೋಲಿ!” ಎಂದು ತಾಯಿ ನಕ್ಕು ಕೈ ಚಾಚಿದಳು. ಗುಬ್ಬಿ ಕೊಟ್ಟಳು. ಕೊಡುವಾಗ ಒಳಗೆ ಏನೋ ಹರಿಯಿತು, ಬಟ್ಟೆ ಹರಿದ ಹಾಗೆ.

ಲಸಿಕೆ ಹಾಕುವ ಸಿಸ್ಟರ್ ನಡುವಯಸ್ಸಿನವರು, ದಪ್ಪ ಗಾಜಿನ ಕನ್ನಡಕ. ಕೂಸಿನ ತೊಡೆಗೆ ಸೂಜಿ ಚುಚ್ಚಿ, ಅದು ಕಿರುಚಾಡುವಾಗ, “ಆಯ್ತು ರಾಜ, ಆಯ್ತು” ಎನ್ನುತ್ತ ಪರದೆ ಒತ್ತಿದರು. ಗುಬ್ಬಿಯ ಕೈಯಲ್ಲಿ ಫೋನು ಗುಂಯ್ ಎಂದಿತು. ಅವಳು ಅದನ್ನು ಸಿಸ್ಟರ್ ಮುಂದೆ ಹಿಡಿದಳು. ಸಿಸ್ಟರ್ ಓದಿದರು.

“ಫೋನಿಗೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ ತಾಯಿ” ಎಂದರು, ಅವಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿ. “ದೇವ್ರಾಣೆ ಹೊಳೀಲಿಲ್ಲ.”

ಅವರು ಹೇಳಿದ್ದು ಇಷ್ಟು. ಲಸಿಕೆಯ ಫ್ರಿಜ್ಜಿಗೆ ಈಗ ಬೀಗದ ಕೈ ಇಲ್ಲ. ಮಗುವಿನ ಸಂಖ್ಯೆ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಗಂಡುಮಗು ಹುಟ್ಟಿದ್ದು ಶೆಡ್ಡಿನಲ್ಲಿ. ಅಪ್ಪ ಅಮ್ಮನ ದಾಖಲೆ ಎಲ್ಲೋ ದೂರದ ಊರಿನ ಹಳೇ ಕಡತದಲ್ಲಿದೆ, ಆ ಊರು ಇನ್ನೂ ಜಾಲಕ್ಕೆ ಸೇರಿಲ್ಲ. ಸಂಖ್ಯೆ ಕೊಡಬೇಕಾದರೆ ಈ ಊರಿನ ನಿವಾಸಿಯೊಬ್ಬರು ತಮ್ಮ ವಿಳಾಸ ಕೊಟ್ಟು ಸಾಕ್ಷಿ ನಿಲ್ಲಬೇಕು. ಆರೋಗ್ಯ ಕೇಂದ್ರದ ಕೆಲಸದವರು ನಿಲ್ಲುವಂತಿಲ್ಲ, ಬೇರೆ ಯಾರೂ ಮುಂದೆ ಬರಲಿಲ್ಲ. ಆ ಶೆಡ್ಡುಗಳಲ್ಲಿ ಗಂಟಲುಮಾರಿ ರೋಗ ಎದ್ದು ಆಗಲೇ ಒಂದು ಕೂಸು ಹೋಗಿತ್ತು.

“ಬಾಕಿ ಇರೋ ಮಕ್ಕಳ ಮನೆಗೆ ನಾವೇ ಹೋಗಿ ಕೇಳ್ಬೇಕು. ಹಾಗೇ ನಿಮ್ಮನೆಗೂ ಬಂದಿದ್ದೆ. ನಿಮ್ಮತ್ತೆ ಇದ್ರು. ಮಗು ಇಲ್ಲ ಅಂದ್ರು. ನನಗೆ ತಡೆಯೋಕಾಗ್ದೆ ಅವರ ಹತ್ರ ಇದೆಲ್ಲ ಹೇಳ್ಕೊಂಡು ಅತ್ಬಿಟ್ಟೆ. ಅವ್ರು ಸುಮ್ನೆ ಕೂತಿದ್ದು, ‘ಖಾಲಿ ಬಿದ್ದಿರೋ ನಂಬರ್ರು ತಾನೇ, ಯಾರ ಕೂಸಾದ್ರೂ ಬದುಕ್ಲಿ, ಹಾಕಮ್ಮ’ ಅಂದ್ರು.”

ಗುಬ್ಬಿ ಮನೆಗೆ ನಡೆದೇ ಬಂದಳು. ಉಚ್ಚೆಯಾದ ಬಟ್ಟೆ ಮೈಮೇಲೇ ಒಣಗಿತು. ಅತ್ತೆ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

“ನನ್ನ ಮಗಳನ್ನ ನನಗೇ ತೋರಿಸ್ಲಿಲ್ಲ. ಆದ್ರೆ ಬೇರೆಯೋರಿಗೆ ಕೊಟ್ಬಿಟ್ರಿ ಅಲ್ವಾ ಅತ್ತೆ?”

ಅತ್ತೆಗೆ ಅರ್ಥವಾಯಿತು. ಬಾಗಿಲಿಲ್ಲದ ಬಾಯಿ ಬಹಳ ಹೊತ್ತು ಮುಚ್ಚಿಕೊಂಡೇ ಇತ್ತು. “ನಿನ್ನ ಗಂಡನಿಗಿಂತ ಮುಂಚೆ ನನಗೂ ಒಂದಾಗಿತ್ತು” ಎಂದರು ಕೊನೆಗೆ. “ನಾನು ಹಟ ಮಾಡಿ ನೋಡ್ದೆ. ಇವತ್ತಿಗೂ ಕಣ್ಣು ಮುಚ್ಚಿದ್ರೆ ಅದೇ ಮುಖ. ನಿನಗೆ ಆ ಗತಿ ಬೇಡ ಅಂತಿದ್ದೆ ಕಣೇ.”

“ಮುಖ ಇಲ್ದಿದ್ರೆ ಇನ್ನೂ ಕಷ್ಟ ಅತ್ತೆ. ಎಲ್ಲಾ ಮುಖದಲ್ಲೂ ಹುಡುಕ್ತೀನಿ.”

ಅತ್ತೆ ಬಟಾಣಿಯ ಮೊರ ಪಕ್ಕಕ್ಕಿಟ್ಟು ಅವಳ ಕೈ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ. ಆದರೆ ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಗಂಡ ಹಾಕಿ ಮರೆತಿದ್ದ ದೂರಿಗೆ ಜೀವ ಬಂತು. ಮಗು ಬದುಕಿದೆಯೋ ಇಲ್ಲವೋ ಪರಿಶೀಲಿಸಲು ಮುಂದಿನ ವಾರ ಅಧಿಕಾರಿ ಮನೆಗೆ ಬರುತ್ತಾರೆ ಎಂಬ ಸಂದೇಶ. ಅತ್ತ ದರಿ, ಇತ್ತ ಪುಲಿ. ಇಲ್ಲವೆಂದರೆ ಸಂಖ್ಯೆ ಮುಚ್ಚುತ್ತದೆ, ಆ ಕೂಸಿನ ಪಾಲಿಗೆ ಫ್ರಿಜ್ಜು ತೆರೆಯುವುದಿಲ್ಲ. ಇದೆಯೆಂದರೆ ಮಗಳು ಹೀಗೇ ಬೆಳೆಯುತ್ತಾಳೆ, ಹಲ್ಲು ಮೂಡುತ್ತದೆ, ನಡೆಯುತ್ತಾಳೆ, ಶಾಲೆಯ ವಯಸ್ಸಾಗುತ್ತದೆ, ಎಲ್ಲವೂ ಫೋನಿನಲ್ಲಿ. ನಿಜ ಹೇಳಬೇಕೆಂದರೆ, ಗುಬ್ಬಿಯ ಮನಸ್ಸು ಒಂದು ಇಡೀ ದಿನ ‘ಇದೆ’ ಎನ್ನುವುದರ ಕಡೆಗೇ ವಾಲಿತ್ತು. ಮಂಚದ ಗೋಡೆಬದಿಯ ಜಾಗವನ್ನು ನೋಡುತ್ತ ಕೂತಿದ್ದಳು. ಕೇಂದ್ರದಲ್ಲಿ ಆದದ್ದೆಲ್ಲ ತಿಳಿದಿದ್ದ ಗಂಡ ಬಂದು ಪಕ್ಕದಲ್ಲಿ ಕೂತ. ಆ ಜಾಗದಲ್ಲೇ ಕೂತ. ಅವಳಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಅವನ ಕೆಳಗೆ ಹಾಸು ಬರೀ ಹಾಸಾಗಿತ್ತು.

“ಆ ಹುಡುಗನಿಗೆ ಸಾಕ್ಷಿ ನಾನು ನಿಲ್ತೀನಿ” ಎಂದಳು.

“ನಾವು ನಿಲ್ಲೋಣ” ಎಂದ ಅವನು.

ನೋಂದಣಿ ಕಚೇರಿಯಲ್ಲಿ ಅರ್ಧ ದಿನ ಹಿಡಿಯಿತು. ಸುರಂಗದವಳು, ಅವಳ ಗಂಡ, ಕೂಸು, ಗುಬ್ಬಿ, ಅವಳ ಗಂಡ, ಜೊತೆಗೆ ಬೇಡವೆಂದರೂ ಹೊರಟುಬಂದ ಅತ್ತೆ. ಗುಮಾಸ್ತ, “ಇವ್ರು ನಿಮಗೇನಾಗ್ಬೇಕು?” ಎಂದು ಕೇಳಿದ. ಯಾರೂ ಬಾಯಿ ಬಿಡುವ ಮೊದಲೇ ಅತ್ತೆ, “ಏನಾಗ್ಬೇಕೋ ಅದಾಗ್ತಾರೆ, ನೀನು ಬರ್ಕೊಳಪ್ಪ. ನಮ್ಮನೆ ವಿಳಾಸದಲ್ಲೇ ಇರ್ತಾರೆ” ಎಂದರು. ಹೆಸರೇನೆಂದು ಕೇಳಿದಾಗ ತಾಯಿ ನಾಚಿಕೊಂಡು ಒಂದು ಹೆಸರು ಹೇಳಿದಳು. ಕೂಸಿಗೆ ಅದರದ್ದೇ ಸಂಖ್ಯೆ ಬಂತು. ಹಾಕಿದ ಲಸಿಕೆಗಳನ್ನು ಅದಕ್ಕೆ ವರ್ಗಾಯಿಸಲು ಸಿಸ್ಟರ್ ಮೇಲಿನವರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಅವರನ್ನು ದೂರದ ಕೇಂದ್ರಕ್ಕೆ ವರ್ಗ ಮಾಡಿದರು. ಹೋಗುವ ಮುನ್ನ ಅವರು ಅಂಗಡಿಗೆ ಬಂದು ಕನ್ನಡಕ ಸರಿಮಾಡಿಸಿಕೊಂಡರು.

ಅಧಿಕಾರಿ ಬಂದದ್ದು ಬೆಳಿಗ್ಗೆ. ಸೌಮ್ಯ ಮನುಷ್ಯ, ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ, ಕೊಟ್ಟ ನೀರು ಕುಡಿದ. ತೊಡೆಯ ಮೇಲೆ ಪರದೆ ಇಟ್ಟುಕೊಂಡು, “ಕೇಳೋಕೆ ಬೇಜಾರು ತಾಯಿ, ಆದ್ರೂ ಕೇಳ್ಬೇಕು. ಮಗು ಬದುಕಿದೆಯಾ?” ಎಂದ.

ಗಂಡ ಬಾಯಿ ತೆರೆದ. ಗುಬ್ಬಿ ಅವನ ಮೊಣಕೈ ಹಿಡಿದು ತಡೆದಳು. ಈ ಮಾತನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಅವಳಿಗೆ ಹೇಳಿದ್ದರು, ಅಷ್ಟೇ.

“ಇಲ್ಲ” ಎಂದಳು. “ಹುಟ್ಟೋವಾಗ್ಲೇ ತೀರ್ಕೊಂಡ್ಲು. ಹೆಣ್ಣುಮಗು. ತಲೆ ತುಂಬ ಕೂದ್ಲಿತ್ತು.”

ಕೂದಲಿನದನ್ನು ಬರೆದುಕೊಳ್ಳಲು ಪರದೆಯಲ್ಲಿ ಜಾಗವಿರಲಿಲ್ಲ. ಅಧಿಕಾರಿ ಬೆರಳಿನಿಂದ ಒಂದು ಕಡೆ ಒತ್ತಿ, ಎದ್ದು ಕೈಮುಗಿದು ಹೋದ.

ಆಮೇಲೆ ಫೋನು ಸುಮ್ಮನಾಯಿತು. ಆ ಮೌನ ಹಗುರವಾಗಿರುತ್ತದೆ ಎಂದುಕೊಂಡಿದ್ದಳು. ಹಾಗಾಗಲಿಲ್ಲ. ವಾರದ ಅದೇ ದಿನ ಬಂದರೆ ಕಿವಿ ತಾನಾಗಿ ನಿಗುರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಗಂಡನಿಗೆ, “ನನ್ನ ಅಲ್ಲಿಗೆ ಕರ್ಕೊಂಡ್ಹೋಗಿ” ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ.

ಊರಾಚೆ, ಸ್ಮಶಾನದ ಹಿಂದಿನ ಗೋಡೆಯ ಪಕ್ಕ, ಎಳೆಗೂಸುಗಳ ಜಾಗ. ಕಲ್ಲಿಲ್ಲ, ಗುರುತಿಲ್ಲ. ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಗಂಡ ಒಂದು ಕಡೆ ನಿಂತ. “ಇಲ್ಲೇ” ಎಂದ. ನಾಲ್ಕು ಹೆಜ್ಜೆ ಸರಿದ. “ಇಲ್ಲ, ಇಲ್ಲಿ. ಆಗ ಗೋಡೇಲಿ ಒಂದು ಬಿರುಕಿತ್ತು, ಈಗ ಸುಣ್ಣ ಬಳಿದ್ಬಿಟ್ಟಿದಾರೆ.” ಕಾವಲುಗಾರನನ್ನು ಕರೆದು ಕೇಳಿದ. ಅವನೂ ಹುಲ್ಲನ್ನು ನೋಡಿ ತಲೆ ಕೆರೆದುಕೊಂಡ. ಗಂಡ ಹುಲ್ಲನ್ನು ಎರಡೂ ಕೈಯಲ್ಲಿ ಬಗೆಯುತ್ತ ಅತ್ತಿಂದಿತ್ತ ಓಡಾಡತೊಡಗಿದ. ಉಸಿರು ಏರಿತ್ತು.

“ಬನ್ನಿ, ಕೂತ್ಕೊಳ್ಳಿ” ಎಂದಳು ಗುಬ್ಬಿ.

“ಜಾಗ ಸಿಗ್ಲಿಲ್ವಲ್ಲೇ.”

“ಇಲ್ಲೆಲ್ಲೋ ಇದಾಳೆ. ಬನ್ನಿ.”

ಅವನು ಬಂದು ಕೂತ. ಗಾಳಿಗೆ ಹುಲ್ಲು ಒಂದೇ ಕಡೆಗೆ ಬಾಗಿ ಏಳುತ್ತಿತ್ತು. ಅವಳು ಅಂಗೈಯನ್ನು ನೆಲಕ್ಕೆ ಊರಿದಳು. ತಣ್ಣಗಿತ್ತು. ಬಿಸಿಲು ಏರುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.